ಕಾಲಿದ್ದಷ್ಟು ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ನಾನು ಮೊದಲೇ ಚಾಚಿಬಿಟ್ಟಿದ್ದೇನೆ,
ಉಮ್ ಕೈಸಿನ ಗುಡ್ಡದಿಂದ ಅಕಾಬಾದ ಉಪ್ಪುನೀರಿನವರೆಗೆ.
ಈಗ ಹಾಸಿಗೆ ಹುಡುಕುತ್ತಿದ್ದೇನೆ. ನಲವತ್ತೆರಡು.

ಮಾದಬಾದ ಅಡುಗೆಮನೆ, ಕಲೆ ಬಿದ್ದ ಮೇಜು,
ಶಾಲೆಯಿಂದ ಹೊತ್ತು ತಂದ ಹಳೆಯ ಹಾಜರಿ ಪುಸ್ತಕ.
ಹೆಸರಿನ ಜಾಗದಲ್ಲಿ ಊರು,
ಹಾಜರು ಎಂಬಲ್ಲಿ ಹಾಸಿಗೆ,
ಗೈರು ಎಂಬಲ್ಲಿ ನೀರು.

ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ
ಬಡಗಿನಿಂದ ತೆಂಕಿಗೆ ಈ ದೇಶದ ಗುಡ್ಡಸಾಲನ್ನು
ಒಂದೇ ಗೀಟಿನಲ್ಲಿ ಎಳೆದವಳು ನಾನು,
ಕೈ ಎತ್ತದೆ, ಹುಡುಗಿಯರ ಮೇಲೊಂದು ಕಣ್ಣಿಟ್ಟುಕೊಂಡೇ.
ಈಗ ಆ ಗೀಟಿನ ಮೇಲೆ ಮಲಗಲು ಜಾಗ ಕೇಳುತ್ತಿದ್ದೇನೆ.

"ಬಸ್ಸಿದೆಯಲ್ಲೇ," ಅನ್ನುತ್ತಾಳೆ ತಂಗಿ ನುಹಾ, ಬೀನ್ಸಿನ ನಾರು ತೆಗೆಯುತ್ತ.
"ನಾಲ್ಕು ಗಂಟೆ. ಏಸಿ ಬೇರೆ."

ರಾಸೂನಿನ ಉಮ್ ಗಾಲಿಬ್ ಫೋನಿನಲ್ಲಿ ವಿಚಾರಿಸಿದಳು:
"ಗಿರಾಕಿಯಾಗಿ ಬರುತ್ತೀಯೋ, ನೆಂಟಳಾಗಿಯೋ?
ಗಿರಾಕಿಗೆ ಇಪ್ಪತ್ತು ದಿನಾರ್, ಬೆಳಿಗ್ಗೆ ಆರಕ್ಕೆ ಬಿಡುಗಡೆ.
ನೆಂಟಳಾದರೆ ದುಡ್ಡಿಲ್ಲ,
ಮೂರು ದಿನ ಬಾಗಿಲೂ ಇಲ್ಲ."
ನಾನು ರಬ್ಬರು ಹುಡುಕಿದೆ.
ನೆಂಟಳಾದರೆ ಐದನೆಯ ದಿನ ಏಳನೆಯದಾಗುತ್ತದೆ,
ಸಾಲ್ಟಿನಲ್ಲಿ ಹಾಸಿದ ಮಂಚ ಎರಡು ರಾತ್ರಿ ಬರಿದು,
ಹುಮೈಮಾದಾಚೆ ಹೂಳಲಿರುವ ನೀರು
ಇನ್ನೆರಡು ದಿನ ಕತ್ತಲಲ್ಲಿ ನನ್ನ ದಾರಿ ಕಾಯಬೇಕು.
ಒಬ್ಬಳ ಉಪಚಾರಕ್ಕೆ ಇಡೀ ದೇಶ ಜರುಗುತ್ತದೆ.
"ಗಿರಾಕಿ," ಎಂದೆ. ಅವಳು ಮುನಿದಳು.
"ಹಾಗಾದರೆ ಮಾಂಸ ಇಲ್ಲ." ತುಸು ತಡೆದು, "ಸ್ವಲ್ಪ ಇರುತ್ತದೆ."

ಕೆರಕಿನ ಔಷಧದಂಗಡಿಗೆ, ಮಿನಿಬಸ್ಸಿನವನ ಕೈಲಿ,
ಆಗಲೇ ಹೊರಟಿವೆ ಎರಡು ಜೊತೆ ಕಾಲುಚೀಲ,
ಮಂಡಿಯ ಮುಲಾಮು, ಒಣ ಅಂಜೂರ.
ನನ್ನ ಕಾಲಿಗಿಂತ ಇಪ್ಪತ್ತು ದಿನ ಮೊದಲೇ
ನನ್ನ ಕಾಲುಚೀಲ ಆ ಕೋಟೆ ನೋಡುತ್ತವೆ.

ದಾನಾದಲ್ಲಿ ಫೋನೆತ್ತಿದ ದನಿ ತಡವರಿಸಿತು: "ಮಿಸ್ ಇಬ್ತಿಸಾಮ್?"
ಹಿಯಾಮ್. ಎರಡನೆಯ ಬೆಂಚು. ಬೆರಳಿಗೆ ಸದಾ ಶಾಯಿ.
"ಮಿಸ್, ನಿಮ್ಮ ಗೀಟು ನಮ್ಮೂರ ಹತ್ತಿರ ನೆಟ್ಟಗಿತ್ತು.
ಇಲ್ಲಿ ಅದು ನೆಟ್ಟಗಿಲ್ಲ. ಇಲ್ಲಿ ಅದು ಬೀಳುತ್ತದೆ.
ನಿಮ್ಮ ಹೆಬ್ಬೆರಳಿನಗಲ ಇಳಿಯಲು ಒಂದು ದಿನ.
ಮಂಡಿ ಕೇಳಿದರೆ ಎರಡು."
ತಿದ್ದಿಕೊಂಡೆ. ಹತ್ತಕ್ಕೆ ಒಂಬತ್ತು ಕೊಟ್ಟೆ,
ಒಂದನ್ನು ಹಟಕ್ಕೆ ಇಟ್ಟುಕೊಂಡೆ.

ಕಡೆಯ ಹಾಳೆಯಲ್ಲಿ ಊರುಗಳಿಲ್ಲ.
ಹಾಸಿಗೆಯ ಕೆಳಗೆ ಐದು ಸಲ "ನೆಲ" ಎಂದು ಬರೆದೆ.
ಅಲ್ಲಿ ಇರುವುದು ಸುವೈಲಿಮ್, ಅವನ ಪಿಕಪ್, ಅವನ ಸನಿಕೆ.
"ದಿನಕ್ಕೆ ಎಷ್ಟು ಕುಡಿಯುತ್ತೀ?"
"ನಾಲ್ಕು ಲೀಟರ್."
"ಆರು ಹೂಳುತ್ತೇನೆ. ಒಂದು ಚಹಾಕ್ಕೆ.
ಇನ್ನೊಂದು, ನಿನಗಿಂತ ಬಾಯಾರಿದವರು ಸಿಕ್ಕರೆ."
ಗುರುತು: ಕವಲೊಡೆದ ಜಾಲಿಮರ, ಅಲ್ಲಿಂದ ಬಡಗಕ್ಕೆ ಹನ್ನೊಂದು ಹೆಜ್ಜೆ.
"ಯಾರ ಹೆಜ್ಜೆ? ನಿನ್ನದೋ ನನ್ನದೋ?"
ಆಚೆ ನಗು. "ನನಗೆ ಒಂಬತ್ತು, ನಿನಗೆ ಹನ್ನೊಂದು.
ಸಂಜೆ ತಲುಪಿದರೆ ಹದಿನಾಲ್ಕು ಎಣಿಸು."

ನಿನ್ನೆ ಚಿತ್ರ ಕಳಿಸಿದ.
ಮರಳು. ಅವನ ನೆರಳು. ಮೊಣಕೈ ಮಡಿಚಿದಂತೆ ಒಂದು ಮರ.
ಬೇರೇನೂ ಕಾಣುವುದಿಲ್ಲ. ಕಾಣಲೂಬಾರದು.
ನುಹಾ ಕನ್ನಡಕ ಏರಿಸಿ, ಹಿಗ್ಗಿಸಿ, ತಿರುಗಿಸಿ ನೋಡಿ,
"ಇದರಲ್ಲೇನಿದೆಯೇ?" ಎಂದಳು.

"ಆರು ಲೀಟರ್," ಎಂದೆ.

ಅವಳು ಎದ್ದು, ವಾರಕ್ಕೊಮ್ಮೆ ಬರುವ ನೀರನ್ನು
ಒಂದು ಲೋಟ ಹಿಡಿದು ತಂದಳು,
ಕುಡಿಯದೆ ಮೇಜಿನ ಮೇಲಿಟ್ಟಳು.
ಬೀನ್ಸು ಅರ್ಧಕ್ಕೇ ನಿಂತಿತ್ತು.
"ಹೊರಡುವುದು ಯಾವತ್ತು ಅಂದೆ?"